ಸೈಕಲ್ಲು ಬಡವರ ಗಾಡಿಯೇ?

ಏಳನೇ ತರಗತಿ ವಿದ್ಯಾರ್ಥಿನಿ, ವಳಕಮದಿನ್ನಿ

ಪೀಠಿಕೆ

ಈ ಸಲದ ಗೋಡೆ ಪತ್ರಿಕೆಗೆ ‘ನಾವು ಮತ್ತು ಪರಿಸರ’ ಎಂಬ ವಿಷಯ ಕೊಟ್ಟಿದ್ದಾರೆ. ಗಿಡ ನೆಡಬೇಕು, ನೀರು ಉಳಿಸಬೇಕು, ಪ್ಲಾಸ್ಟಿಕ್ ಸುಡಬಾರದು ಎಂದು ಬೇರೆಯವರು ಚೆನ್ನಾಗಿ ಬರೆದಿದ್ದಾರೆ. ಅದಕ್ಕೆ ನಾನು ಬೇರೆ ವಿಷಯ ಆರಿಸಿಕೊಂಡೆ. ನಾವು ದಿನಾಲು ಊರಿಂದ ಊರಿಗೆ ಹೇಗೆ ಹೋಗುತ್ತೇವೆ? ಯಾವುದರ ಮೇಲೆ ಹೋದರೆ ಗಾಳಿಗೆ ಒಳ್ಳೆಯದು, ಕಿಸೆಗೆ ಒಳ್ಳೆಯದು? ಇಷ್ಟು ಗೊತ್ತಿದ್ದೂ ಜನ ಯಾಕೆ ಹಾಗೆ ಮಾಡುವುದಿಲ್ಲ? ಇದೇ ನನ್ನ ಲೇಖನ.

ಇದು ಬರೀ ಪರಿಸರದ ಮಾತಲ್ಲ. ಮುಂದಿನ ವರ್ಷ ನಾವೆಲ್ಲರೂ ಎಂಟನೆತ್ತೆ. ಹೈಸ್ಕೂಲಿಗೆ ದಿನಾ ಹೋಗಿ ಬರಬೇಕು. ‘ಹೆಂಗ ಹೋಗ್ತೀರಿ?’ ಎಂದು ಗುರುಗಳು ಕೇಳಿದಾಗ ನಮ್ಮ ತರಗತಿಯಲ್ಲಿ ಹುಡುಗರು ‘ಗಾಡಿ ಮ್ಯಾಲ’ ಎಂದರು. ಹುಡುಗಿಯರು ಸುಮ್ಮನೆ ಕುಂತರು. ಆ ಸುಮ್ಮನೆ ಕುಂತದ್ದರ ಬಗ್ಗೆಯೇ ಬರೆಯಬೇಕು ಅನಿಸಿತು.

ನಮ್ಮ ಹಾದಿ ಹೇಗೆ ಬದಲಾಯಿತು

ನಮ್ಮೂರ ಹೆಸರಿನಲ್ಲೇ ದಿನ್ನಿ ಇದೆ. ದಿನ್ನಿ ಅಂದರೆ ಎತ್ತರದ ಜಾಗ. ಹಿಂದೆ ಈ ಕಡೆಯ ಊರುಗಳ ಜನ ಹೊಲಕ್ಕೆ ನಡೆದೇ ಹೋಗುತ್ತಿದ್ದರು. ಸಂತೆಗೆ, ಜಾತ್ರೆಗೆ ಬಂಡಿ ಕಟ್ಟುತ್ತಿದ್ದರು. ಬಂಡಿಗೆ ಎಣ್ಣೆ ಬೇಕಿಲ್ಲ, ಎತ್ತಿಗೆ ಮೇವು ಬೇಕು. ಎತ್ತಿನ ಸಗಣಿ ತಿಪ್ಪೆಗೆ ಹೋಗಿ ಮತ್ತೆ ಹೊಲಕ್ಕೆ ಗೊಬ್ಬರ ಆಗುತ್ತಿತ್ತು.

ಆಮೇಲೆ ಸೈಕಲ್ ಬಂತು. ನಮ್ಮ ತಾತ ಹೇಳುತ್ತಾನೆ: ‘ಆಗ ಸೈಕಲ್ ಇದ್ದಾವ ಅಂದ್ರ ಊರಾಗ ದೊಡ್ಡ ಮನುಷ್ಯ. ಮದುವ್ಯಾಗ ಸೈಕಲ್, ಕೈಗಡಿಯಾರ, ರೇಡಿಯೋ ಕೊಟ್ರ ಅಳಿಯಾನ ಮಾರಿ ಹೂವಿನಂಗ ಅರಳತಿತ್ತು. ಸೈಕಲ್ಲಿಗೆ ದಿನಾ ಎಣ್ಣಿ ಬಟ್ಟಿಲೆ ಒರಸ್ತಿದ್ದಿವಿ. ದಸರಾ ಹಬ್ಬಕ್ಕ ಪೂಜಿ ಮಾಡ್ತಿದ್ದಿವಿ.’

ಈಗ ಏನಾಗಿದೆ? ಲಿಂಗಸುಗೂರು, ಮಸ್ಕಿ, ಸಿಂಧನೂರು ರಸ್ತೆಯಲ್ಲಿ ನಿಂತು ನೋಡಿರಿ. ಮೋಟಾರು ಸೈಕಲ್, ಟಂಟಂ, ಟ್ರ್ಯಾಕ್ಟರು, ಲಾರಿ, ಕಾರು ಒಂದರ ಹಿಂದೆ ಒಂದು. ಸೈಕಲ್ ಮೇಲೆ ಹೋಗುವವರನ್ನು ಬೆರಳಲ್ಲಿ ಎಣಿಸಬಹುದು. ‘ಗಾಡಿ’ ಅಂದರೆ ಈಗ ಮೋಟಾರು ಸೈಕಲ್ ಅಂತಲೇ ಅರ್ಥ. ಸೈಕಲ್ಲಿಗೆ ಆ ಹೆಸರೂ ಉಳಿದಿಲ್ಲ.

ಇಲ್ಲಿ ಒಂದು ವಿಚಾರ ಗಮನಿಸಿರಿ. ತಾತನ ಕಾಲದ ಸೈಕಲ್ಲಿಗೂ ಎರಡೇ ಗಾಲಿ, ಈಗಿನದಕ್ಕೂ ಎರಡೇ ಗಾಲಿ. ಆಗ ಅದು ಶ್ರೀಮಂತರದು, ಈಗ ಅದೇ ಬಡವರದು. ಅಂದಮೇಲೆ ಬದಲಾದದ್ದು ಜನ ಅದನ್ನು ನೋಡುವ ರೀತಿ. ಒಂದು ಸಲ ಬದಲಾದದ್ದು ಇನ್ನೊಂದು ಸಲವೂ ಬದಲಾಗಬಹುದು ಅಲ್ಲವೇ?

ಸೈಕಲ್ ಹುಟ್ಟಿದ್ದು ಹೀಗೆ

1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬುವರು ಎರಡು ಗಾಲಿಯ ಕಟ್ಟಿಗೆಯ ಗಾಡಿ ಮಾಡಿದರು. ಅದಕ್ಕೆ ಪೆಡಲ್ ಇರಲಿಲ್ಲ. ಮೇಲೆ ಕುಂತು ಕಾಲಿನಿಂದ ನೆಲ ಒದ್ದು ಓಡಿಸಬೇಕಿತ್ತು. 1860ರ ನಂತರ ಫ್ರಾನ್ಸ್ ದೇಶದಲ್ಲಿ ಮುಂದಿನ ಗಾಲಿಗೆ ಪೆಡಲ್ ಹಚ್ಚಿದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮ ಇರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ಸೈಕಲ್ ಮಾಡಿದರು. ನಾವು ಈಗ ನೋಡುವ ಸೈಕಲ್ಲಿನ ಆಕಾರ ಅದೇ. 1888ರಲ್ಲಿ ಡನ್ಲಪ್ ಎಂಬುವರು ಸೈಕಲ್ಲಿಗೆ ಗಾಳಿ ತುಂಬಿದ ಟೈರು ತಂದ ಮೇಲೆ ಸೈಕಲ್ ಸವಾರಿ ಮೆತ್ತಗಾಯಿತು.

ಮನುಷ್ಯ ಒಂದು ತಾಸಿಗೆ 4–5 ಕಿಲೋಮೀಟರು ನಡೆಯುತ್ತಾನೆ. ಅದೇ ಮನುಷ್ಯ ಸೈಕಲ್ ಮೇಲೆ ತಾಸಿಗೆ 12–15 ಕಿಲೋಮೀಟರು ಹೋಗುತ್ತಾನೆ. ಅಂದರೆ ಅದೇ ಕಾಲು, ಅದೇ ರೊಟ್ಟಿಯ ಶಕ್ತಿ, ಆದರೆ ದಾರಿ ಮೂರು ಪಟ್ಟು.

ಹೊಗೆಯ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಬೇಸರ ಮಾಡಿಕೊಳ್ಳಬೇಡಿರಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಡೀಸೆಲ್ ಆದರೆ ಸುಮಾರು 2.7 ಕಿಲೋ. ‘ಒಂದು ಲೀಟರ್ ಪೆಟ್ರೋಲಿನ ತೂಕವೇ ಮುಕ್ಕಾಲು ಕಿಲೋ, ಅದರಿಂದ ಎರಡು ಕಿಲೋ ಮೇಲೆ ಹ್ಯಾಂಗ ಬರ್ತೈತ್ರಿ ಸರ್?’ ಎಂದು ನಾನು ವಿಜ್ಞಾನ ಗುರುಗಳನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಪೆಟ್ರೋಲಿನಲ್ಲಿ ಇಂಗಾಲ ಇದೆ. ಉರಿಯುವಾಗ ಇಂಗಾಲದ ಒಂದು ಪರಮಾಣು ಗಾಳಿಯಲ್ಲಿನ ಆಮ್ಲಜನಕದ ಎರಡು ಪರಮಾಣು ಹಿಡಿದುಕೊಳ್ಳುತ್ತದೆ. ಇಂಗಾಲದ ತೂಕ 12, ಆಮ್ಲಜನಕದ್ದು 16. ಹಾಗಾದರೆ 12 + 16 + 16 = 44. ಅಂದರೆ 12 ಗ್ರಾಂ ಇಂಗಾಲ ಹೋಗಿ 44 ಗ್ರಾಂ ಅನಿಲ ಆಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 630 ಗ್ರಾಂ ಇಂಗಾಲ ಇರುತ್ತದೆ. ಅದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿರಿ. 2310 ಗ್ರಾಂ ಬರುತ್ತದೆ. ಹೆಚ್ಚಿನ ತೂಕ ಗಾಳಿಯಿಂದಲೇ ಬಂದದ್ದು.

ಈ ಅನಿಲ ಕಣ್ಣಿಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ. ಆದರೆ ಇದು ಭೂಮಿಯ ಸುತ್ತ ಕಂಬಳಿ ಹೊದಿಸಿದಂತೆ ಬಿಸಿಯನ್ನು ಒಳಗೇ ಹಿಡಿಯುತ್ತದೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನಮಗೆ ಇನ್ನೂ ಒಂದು ಕಂಬಳಿ ಬೇಕೇ?

ಉದಾಹರಣೆ: ಒಬ್ಬ ಹುಡುಗಿಯ ಹೈಸ್ಕೂಲು 10 ಕಿ.ಮೀ. ದೂರ ಇದೆ ಎಂದು ಹಿಡಿಯೋಣ. ತಿಂಗಳಿಗೆ ಶಾಲೆ 25 ದಿನ.

(1) ಅಪ್ಪ ಮೋಟಾರು ಸೈಕಲ್ ಮೇಲೆ ಬಿಟ್ಟು ಬರುತ್ತಾನೆ. ಮುಂಜಾನೆ ಹೋಗಿ ಬರಲು 20 ಕಿ.ಮೀ., ಸಂಜೆ ಕರೆತರಲು ಮತ್ತೆ 20 ಕಿ.ಮೀ. ಒಟ್ಟು ದಿನಕ್ಕೆ 40 ಕಿ.ಮೀ. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿ ಆದರೆ ತಿಂಗಳಿಗೆ 20 ಲೀಟರ್. ಹೊಗೆ 46 ಕಿಲೋ.

(2) ಬಸ್ಸಿನಲ್ಲಿ ಹೋಗುತ್ತಾಳೆ. ಬಸ್ಸು ಹೋಗಿ ಬರಲು 20 ಕಿ.ಮೀ. ಲೀಟರಿಗೆ 5 ಕಿ.ಮೀ. ಎಂದು ಹಿಡಿದರೆ 4 ಲೀಟರ್ ಡೀಸೆಲ್, 10.8 ಕಿಲೋ ಹೊಗೆ. ಆದರೆ ಬಸ್ಸಿನಲ್ಲಿ 54 ಜನ ಇದ್ದರೆ ಒಬ್ಬರ ಪಾಲಿಗೆ ದಿನಕ್ಕೆ 200 ಗ್ರಾಂ ಮಾತ್ರ. ತಿಂಗಳಿಗೆ 5 ಕಿಲೋ.

(3) ಸೈಕಲ್ ಮೇಲೆ ಹೋಗುತ್ತಾಳೆ. ಸೊನ್ನೆ.

46, 5, 0. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿರಿ. ರೂಪಾಯಿಯ ಲೆಕ್ಕವೂ ಇದೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದೆ. 20 ಲೀಟರ್ ಅಂದರೆ ಎರಡು ಸಾವಿರಕ್ಕಿಂತ ಹೆಚ್ಚು. ಹತ್ತಿ ಬಿಡಿಸಲು, ಕಳೆ ತೆಗೆಯಲು ಹೋಗುವ ನಮ್ಮ ಅವ್ವಂದಿರಿಗೆ ಅದು ಎಷ್ಟು ದಿನದ ಕೂಲಿ? ಮನೆಯಲ್ಲಿ ಕೇಳಿ ನೋಡಿರಿ.

ಹಾಗಾದರೆ ಜನ ಯಾಕೆ ಒಪ್ಪುವುದಿಲ್ಲ?

ಲೆಕ್ಕ ಸುಲಭ, ಮನಸ್ಸು ಸುಲಭ ಅಲ್ಲ. ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ಓಣಿಯ ಒಬ್ಬ ಅಕ್ಕನಿಗೆ ಎಂಟನೆತ್ತೆಯಲ್ಲಿ ಇದ್ದಾಗ ಸರ್ಕಾರದಿಂದ ಸೈಕಲ್ ಬಂದಿತ್ತು. ಅಕ್ಕನ ಮದುವೆ ಆಯಿತು. ಸೈಕಲ್ ಅವರ ದನದ ಕೊಟ್ಟಿಗೆಯಲ್ಲಿ ಇದೆ. ಚೈನಿಗೆ ತುಕ್ಕು ಹಿಡಿದಿದೆ, ಒಂದು ಟ್ಯೂಬು ಹೋಗಿದೆ. ‘ನಿಮ್ಮ ಮಗಳಿಗೆ ಬೇಕಾದ್ರ ತಗೊಂಡು ಹೋಗ್ರಿ’ ಎಂದು ಅವರ ಮನೆಯವರು ಅಂದರು. ನಾನು ಅಪ್ಪನಿಗೆ ಹೇಳಿದೆ.

ಅಪ್ಪ ಅಂದ: ‘ರಿಪೇರಿ ಏನ್ ದೊಡ್ಡದಲ್ಲ ಬಿಡವ್ವ. ಆದ್ರ ಮಂದಿ ಏನಂತಾರ? ಮಗಳನ್ನ ಹಳೆ ಸೈಕಲ್ ಮ್ಯಾಲ ಕಳಸ್ತಾನ, ಒಂದು ಗಾಡಿ ತಗೊಳ್ಳಾಕ ಆಗಿಲ್ಲ ಅಂತಾರ.’

ಅಜ್ಜಿ ಅಂದಳು: ‘ವಯಸ್ಸಿಗೆ ಬಂದ ಹುಡುಗಿ ರಸ್ತಾದಾಗ ಸೈಕಲ್ ಹೊಡೀತಾಳಾ? ಬ್ಯಾಡವ್ವ.’

ಅವ್ವ ಮಾತ್ರ ರೊಟ್ಟಿ ಬಡಿಯುತ್ತ ಅಂದಳು: ‘ನಂಗ ಯಾರೂ ಸೈಕಲ್ ಕೊಡಲಿಲ್ಲ. ಐದನೆತ್ತಿಗೇ ಸಾಲಿ ಬಿಟ್ಟೆ.’

ಇದರ ಮೇಲೆ ಯಾರೂ ಮಾತಾಡಲಿಲ್ಲ. ಅಪ್ಪ ಇನ್ನೂ ಹೂಂ ಅಂದಿಲ್ಲ.

ನೋಡಿರಿ, ಈ ಮೂರು ಮಾತಿನಲ್ಲಿ ಹೊಗೆಯ ಮಾತು ಇಲ್ಲವೇ ಇಲ್ಲ. ಒಂದರಲ್ಲಿ ಮರ್ಯಾದೆ ಇದೆ, ಒಂದರಲ್ಲಿ ಅಂಜಿಕೆ ಇದೆ, ಒಂದರಲ್ಲಿ ದುಃಖ ಇದೆ. ಆದ್ದರಿಂದ ‘ಪರಿಸರ ಉಳಿಸಿ’ ಎಂದು ಬೋರ್ಡು ಹಾಕಿದರೆ ಸಾಲುವುದಿಲ್ಲ. ಜನರ ಮನಸ್ಸು ಯಾವಾಗ ಬದಲಾಗುತ್ತದೆ ಎಂದು ತಿಳಿಯಬೇಕು. ನನಗೆ ತಿಳಿದ ನಾಲ್ಕು ಸಂಗತಿ ಬರೆಯುತ್ತೇನೆ.

ಒಂದು: ಬಹಳ ಮಂದಿ ಕೂಡಿ ಮಾಡಿದಾಗ

ತಮಿಳುನಾಡಿನಲ್ಲಿ ಪುದುಕ್ಕೋಟ್ಟೈ ಎಂಬ ಜಿಲ್ಲೆ ಇದೆ. ನಮ್ಮ ಹಾಗೆಯೇ ಮಳೆ ಕಡಿಮೆ, ಬಡತನ ಹೆಚ್ಚು. 1991ರಲ್ಲಿ ಅಲ್ಲಿ ‘ಅರಿವೊಳಿ’ ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿ ಆಗಿದ್ದವರು ಶೀಲಾ ರಾಣಿ ಚುಂಕತ್. ಅಕ್ಷರ ಕಲಿಸುವುದರ ಜೊತೆಗೆ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಯಾಕೆಂದರೆ ಕಲಿಸುವ ಹೆಣ್ಣುಮಕ್ಕಳು ಊರಿಂದ ಊರಿಗೆ ಹೋಗಬೇಕಿತ್ತು. ಮೊದಲು ಸೈಕಲ್ ಹತ್ತಿದವರ ಮೇಲೆ ಊರವರು ಕೆಟ್ಟ ಮಾತು ಆಡಿದರು. ಆದರೆ ಕೂಲಿ ಮಾಡುವವರು, ಕಲ್ಲು ಒಡೆಯುವವರು, ಅಂಗನವಾಡಿಯವರು, ಶಾಲೆ ಟೀಚರುಗಳು ಎಲ್ಲರೂ ಕಲಿಯಲು ಬಂದರು. ಲೇಡಿಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಹೊಡೆದರು. ಅದರ ಮುಂದಿನ ದಂಡಿಗೆಯ ಮೇಲೆ ಮಗುವನ್ನು ಕೂಡಿಸಿಕೊಳ್ಳಬಹುದು ಎಂದು ಕೆಲವರಿಗೆ ಅದೇ ಇಷ್ಟ ಆಯಿತು. ಒಂದು ಲಕ್ಷಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಸೈಕಲ್ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಇದರ ಬಗ್ಗೆ ಬರೆದಿದ್ದಾರೆ.

ಒಬ್ಬಳು ಸೈಕಲ್ ಹೊಡೆದರೆ ಊರು ನಗುತ್ತದೆ. ಲಕ್ಷ ಮಂದಿ ಹೊಡೆದರೆ ನಗುವವರು ಎಷ್ಟು ಮಂದಿಗೆ ಅಂತ ನಗುತ್ತಾರೆ?

ಎರಡು: ಎಲ್ಲರಿಗೂ ಒಂದೇ ತರಹ ಸಿಕ್ಕಾಗ

ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತು. ನಮ್ಮ ಅಕ್ಕಂದಿರು, ಅಣ್ಣಂದಿರು ಅದನ್ನು ಪಡೆದವರು. ಒಂದು ತರಗತಿಗೆ ಒಂದೇ ತರಹದ ಸೈಕಲ್ ಬರುತ್ತಿತ್ತು. ಆಗ ‘ಇವನದು ಹೊಸದು, ಅವಳದು ಹಳೆಯದು’ ಎಂಬ ಭೇದ ಇರಲಿಲ್ಲ. ಅದೇ ಸಮಯಕ್ಕೆ ಬಿಹಾರ ಸರ್ಕಾರವೂ ಒಂಬತ್ತನೇ ತರಗತಿ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿ ಅಭ್ಯಾಸ ಮಾಡಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಶೇ. 30ರಷ್ಟು ಹೆಚ್ಚಿತ್ತು. ಹೈಸ್ಕೂಲು ದೂರ ಇರುವ ಊರುಗಳಲ್ಲೇ ಹೆಚ್ಚು ಲಾಭ ಆಗಿತ್ತು.

ನಮ್ಮ ರಾಜ್ಯದಲ್ಲಿ ಈ ಯೋಜನೆ ಕೊರೊನಾ ಬಂದಾಗ ನಿಂತುಹೋಯಿತು. ನಮ್ಮ ಕೈಗೆ ಆ ಸೈಕಲ್ ಬರಲಿಲ್ಲ. ಆದರೆ ಆಗ ಕೊಟ್ಟ ಎಷ್ಟೋ ಸೈಕಲ್ಲುಗಳು ಮನೆಗಳಲ್ಲಿ, ಕೊಟ್ಟಿಗೆಗಳಲ್ಲಿ ಸುಮ್ಮನೆ ನಿಂತಿವೆ. ಅವು ಸತ್ತಿಲ್ಲ. ಟ್ಯೂಬು, ಚೈನು, ಬ್ರೇಕ್ ರಬ್ಬರು ಹಾಕಿದರೆ ಎದ್ದು ಓಡುತ್ತವೆ.

ಮೂರು: ಕೈಗೆ ನಿಲುಕುವಂತೆ ಆದಾಗ

ಈಗ ಬಸ್ಸಿನ ವಿಷಯ. ನಮ್ಮ ಭಾಗದ ಬಸ್ಸುಗಳು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವು. ಇದರ ಮುಖ್ಯ ಕಚೇರಿ ಕಲಬುರಗಿಯಲ್ಲಿ ಇದೆ. 2000ದಲ್ಲಿ ಈ ನಿಗಮ ಬೇರೆ ಆದಾಗ ಇದಕ್ಕೆ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂಬ ಹೆಸರಿತ್ತು. 2021ರಲ್ಲಿ ಹೆಸರು ಬದಲಾಯಿತು.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಸಾದಾ ಬಸ್ಸು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಒಳಗೆ ಪುಕ್ಕಟೆ ಹೋಗಬಹುದು. ರಾಜಹಂಸ, ಎ.ಸಿ., ಸ್ಲೀಪರ್ ಬಸ್ಸುಗಳಿಗೆ ಇದು ಇಲ್ಲ. 2025ರ ಜುಲೈ ಹೊತ್ತಿಗೆ ಹೆಣ್ಣುಮಕ್ಕಳು ಮಾಡಿದ ಪ್ರಯಾಣಗಳ ಲೆಕ್ಕ 500 ಕೋಟಿ ಮುಟ್ಟಿತು.

ಈ ಯೋಜನೆ ಪರಿಸರಕ್ಕೆಂದು ತಂದದ್ದಲ್ಲ. ಆದರೆ ಟಂಟಂನಲ್ಲಿ ಜೋತುಬಿದ್ದು ಹೋಗುತ್ತಿದ್ದವರು ಬಸ್ಸಿಗೆ ಬಂದರು. ಮನೆಯಲ್ಲೇ ಇರುತ್ತಿದ್ದವರು ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋದರು. ಕೆಲವು ಗಂಡಸರು ‘ಬಸ್ ತುಂಬ ಹೆಂಗಸರs, ನಮಗ ಕುಂದ್ರಾಕ ಜಾಗ ಇಲ್ಲ’ ಎನ್ನುತ್ತಾರೆ. ಗದ್ದಲ ಆಗುವುದು ಖರೆ. ಆದರೆ ಒಬ್ಬೊಬ್ಬರೂ ಒಂದೊಂದು ಗಾಡಿ ತಂದರೆ ರಸ್ತೆಯಲ್ಲಿ ಗದ್ದಲ ಆಗುವುದಿಲ್ಲವೇ? ಬಸ್ಸು ತುಂಬಿದರೆ ಇನ್ನೊಂದು ಬಸ್ಸು ಕೇಳಬೇಕು. ಬಸ್ಸೇ ಬೇಡ ಅನ್ನಬಾರದು. ಹುಡುಗರಿಗೆ ರಿಯಾಯಿತಿ ಪಾಸು ಇದೆ. ಅದನ್ನು ಮಾಡಿಸಿಕೊಳ್ಳಿರಿ.

ರೈಲಿನ ವಿಷಯವೂ ಇದೆ. ಮುನಿರಾಬಾದ್–ಮೆಹಬೂಬ್‌ನಗರ ರೈಲು ಮಾರ್ಗಕ್ಕೆ 1997–98ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ನಮ್ಮ ತಾತ ‘ನಾ ಸಾಯೋದ್ರಾಗ ಸಿಂಧನೂರಿಗೆ ರೈಲು ಬರಂಗಿಲ್ಲ’ ಎನ್ನುತ್ತಿದ್ದ. ಈಗ ಹುಬ್ಬಳ್ಳಿಗೆ ಅದೇ ರೈಲಿನಲ್ಲಿ ಹೋಗಿ ಬಂದಿದ್ದಾನೆ.

ಪಟ್ಟಣಗಳಲ್ಲೂ ಇದೇ ನಡೆದಿದೆ. ಬೆಂಗಳೂರಿನಲ್ಲಿ 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಓಡಿತು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ಯೋಜನೆ ಬಂತು. ಹುಬ್ಬಳ್ಳಿ–ಧಾರವಾಡ ನಡುವೆ 2018ರಲ್ಲಿ ‘ಚಿಗರಿ’ ಬಸ್ಸು ಶುರುವಾಯಿತು. ಅದಕ್ಕೆ ರಸ್ತೆಯ ನಡುವೆ ಬೇರೆ ಹಾದಿಯೇ ಇದೆ. ಕಾರು ಇದ್ದವರೂ ಮೆಟ್ರೋದಲ್ಲಿ ನಿಂತುಕೊಂಡು ಹೋಗುತ್ತಾರೆ. ಯಾರೂ ಅವರನ್ನು ಬಡವರು ಅನ್ನುವುದಿಲ್ಲ. ಯಾಕೆಂದರೆ ಅದು ಹೊತ್ತಿಗೆ ಸರಿಯಾಗಿ ಬರುತ್ತದೆ.

ನಾಲ್ಕು: ಜೀವಕ್ಕೆ ಅಂಜಿಕೆ ಇಲ್ಲದಾಗ

ನೆದರ್‌ಲ್ಯಾಂಡ್ಸ್ ಎಂಬ ದೇಶದಲ್ಲಿ ಜನಸಂಖ್ಯೆಗಿಂತ ಸೈಕಲ್ಲುಗಳೇ ಹೆಚ್ಚು. ಅಲ್ಲಿ ಮೊದಲಿನಿಂದಲೂ ಹೀಗೇ ಇತ್ತು ಎಂದು ನಾವು ತಿಳಿಯುತ್ತೇವೆ. ಅದು ತಪ್ಪು. ಎರಡನೇ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ಹೆಚ್ಚಿ ಸೈಕಲ್ ಕಡಿಮೆ ಆಗಿದ್ದವು. 1971ರಲ್ಲಿ ಒಂದೇ ವರ್ಷ 400ಕ್ಕಿಂತ ಹೆಚ್ಚು ಮಕ್ಕಳು ರಸ್ತೆ ಅಪಘಾತದಲ್ಲಿ ಸತ್ತರು. ಆಗ ತಂದೆ ತಾಯಿಗಳು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ರಸ್ತೆಗೆ ಇಳಿದು ಹೋರಾಟ ಮಾಡಿದರು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದನ್ನು ತಡೆದವು. ಆಗ ಅಲ್ಲಿನ ಸರ್ಕಾರ ಕೆಲವು ಭಾನುವಾರ ಕಾರು ಓಡಿಸಬಾರದು ಎಂದಿತು. ಜನ ಖಾಲಿ ರಸ್ತೆಯಲ್ಲಿ ಸೈಕಲ್ ಹೊಡೆದರು. ಆಮೇಲೆ ಸೈಕಲ್ಲಿಗೇ ಬೇರೆ ದಾರಿಗಳನ್ನು ಮಾಡಿದರು.

ನಮ್ಮ ಅಜ್ಜಿಯ ಅಂಜಿಕೆಯೂ ಸುಳ್ಳಲ್ಲ. ದೊಡ್ಡ ರಸ್ತೆಯಲ್ಲಿ ಭತ್ತದ ಲಾರಿಗಳು, ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಓಡುತ್ತವೆ. ರಸ್ತೆ ಅಂಚು ಕಿತ್ತಿರುತ್ತದೆ. ಸಂಜೆ ಹೊತ್ತಾದರೆ ದೀಪ ಇಲ್ಲ. ಅಂಚು ಸರಿ ಮಾಡಿದರೆ, ಊರ ಹತ್ತಿರ ವೇಗತಡೆ ಹಾಕಿದರೆ ಅಜ್ಜಿಯ ಅಂಜಿಕೆ ಅರ್ಧ ಹೋಗುತ್ತದೆ.

ಕರೆಂಟಿನ ಗಾಡಿ ಬಂದರೆ ಸಾಕಲ್ಲವೇ?

ನಮ್ಮ ತರಗತಿಯ ಹುಡುಗರು ಹೀಗೆ ಕೇಳುತ್ತಾರೆ. ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ. ಈಗ ನಮ್ಮ ತಾಲೂಕು ಊರುಗಳಲ್ಲೂ ಸದ್ದಿಲ್ಲದ ಸ್ಕೂಟರ್ ಕಾಣುತ್ತವೆ. ಅವುಗಳ ಹಿಂದೆ ಹೊಗೆ ಕೊಳವೆ ಇಲ್ಲ. ಒಳ್ಳೆಯದೇ.

ಆದರೆ ಕರೆಂಟು ಎಲ್ಲಿಂದ ಬರುತ್ತದೆ? ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇದೆ. 1985ರಲ್ಲಿ ಅದರ ಮೊದಲ ಘಟಕ ಶುರುವಾಯಿತು. ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಅಲ್ಲಿ ಉರಿಯುವುದು ಕಲ್ಲಿದ್ದಲು. ಶರಾವತಿಯ ನೀರಿನಿಂದ, ಪಾವಗಡದ ಬಿಸಿಲಿನಿಂದ ಬರುವ ಕರೆಂಟೂ ಇದೆ. ಹಾಗಾದರೆ ಕಲ್ಲಿದ್ದಲಿನ ಕರೆಂಟು ತುಂಬಿದ ಗಾಡಿ ಹೊಗೆಯನ್ನು ಊರಿಂದ ತೆಗೆದು ಶಕ್ತಿನಗರಕ್ಕೆ ಕಳಿಸುತ್ತದೆ. ಆದರೂ ವಿದ್ಯುತ್ ಮೋಟಾರು ಪೆಟ್ರೋಲ್ ಎಂಜಿನ್ನಿನ ಹಾಗೆ ಶಕ್ತಿಯನ್ನು ಬಿಸಿಯಾಗಿ ಹಾಳು ಮಾಡುವುದಿಲ್ಲ. ಬಿಸಿಲಿನ ಕರೆಂಟು ಹೆಚ್ಚಾದಷ್ಟೂ ಆ ಗಾಡಿ ಹೆಚ್ಚು ಒಳ್ಳೆಯದಾಗುತ್ತದೆ. ಆದರೆ ಬೆಲೆ ಹೆಚ್ಚು, ಮತ್ತು ನಾವು ಮಕ್ಕಳು ಅದನ್ನು ಓಡಿಸುವ ಹಾಗಿಲ್ಲ.

ಈ ಮಾತು ಹುಡುಗರಿಗೆ

ಗೇರ್ ಇರುವ ಮೋಟಾರು ಸೈಕಲ್ ಓಡಿಸಲು 18 ವರ್ಷ ತುಂಬಿ ಲೈಸೆನ್ಸ್ ಇರಬೇಕು. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಂತೆ ಚಿಕ್ಕವರು ಗಾಡಿ ಓಡಿಸಿ ಸಿಕ್ಕರೆ ತಂದೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ‘ಗಾಡಿ ಮ್ಯಾಲ ಬರ್ತೀವಿ’ ಎಂದು ಜೋರಾಗಿ ಹೇಳಿದವರು ಇದನ್ನು ಎರಡು ಸಲ ಓದಿರಿ. ದಂಡ ಕಟ್ಟಿದರೆ ತೀರಬಹುದು, ಜೀವ ಹೋದರೆ ತೀರುವುದಿಲ್ಲ.

ಒಪ್ಪಲೇಬೇಕಾದ ಕಷ್ಟಗಳು

ಸೈಕಲ್ ಎಲ್ಲದಕ್ಕೂ ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬಿಕೊಳ್ಳುತ್ತದೆ. ಆಗ ಸೈಕಲ್ಲನ್ನೇ ನಾವು ಹೊತ್ತುಕೊಂಡು ಬರಬೇಕು. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಸೈಕಲ್ ಹೊಡೆದರೆ ತಲೆ ತಿರುಗುತ್ತದೆ. ಬಾಣಂತಿಯರು, ವಯಸ್ಸಾದವರು, ಜಡ್ಡಿನವರು ಸೈಕಲ್ ಮೇಲೆ ಹೋಗಲಾರರು. ಗೊಬ್ಬರದ ಚೀಲ, ಹತ್ತಿಯ ಅಂಡಿಗೆ ಸೈಕಲ್ ಮೇಲೆ ಬರುವುದಿಲ್ಲ. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ಮೋಟಾರು ಗಾಡಿಯೇ ಬೇಕು, ಆಂಬುಲೆನ್ಸ್ ಬೇಕು. ಆದ್ದರಿಂದ ಗಾಡಿಯೇ ಬೇಡ ಎಂದು ನಾನು ಹೇಳುವುದಿಲ್ಲ. ಅಗಸಿ ಮುಂದಿನ ಅಂಗಡಿಗೆ ಎಲೆ ಅಡಿಕೆ ತರಲು ಗಾಡಿ ಬೇಡ ಎಂದು ಹೇಳುತ್ತೇನೆ. ಹತ್ತಿರಕ್ಕೆ ಕಾಲು, ಸ್ವಲ್ಪ ದೂರಕ್ಕೆ ಸೈಕಲ್, ಬಹಳ ದೂರಕ್ಕೆ ಬಸ್ಸು ರೈಲು, ಅವಸರಕ್ಕೆ ಗಾಡಿ. ಹೀಗೆ ಹಂಚಿಕೊಂಡರೆ ಸರಿ.

ನಾವು ಏನು ಮಾಡಬಹುದು?

1. ಕೊಟ್ಟಿಗೆಯಲ್ಲಿ ನಿಂತ ಸೈಕಲ್ಲುಗಳ ಪಟ್ಟಿ ಮಾಡೋಣ. ಯಾರ ಮನೆಯಲ್ಲಿ ಇದೆ, ಏನು ಕೆಟ್ಟಿದೆ ಎಂದು ಬರೆದು ಗುರುಗಳಿಗೆ ಕೊಡೋಣ.
2. ಬೇಸಿಗೆ ರಜೆಯಲ್ಲಿ ಬಂದವರು ಬಾರದವರಿಗೆ ಸೈಕಲ್ ಕಲಿಸೋಣ. ಹುಡುಗಿಯರಿಗೆ ಹುಡುಗಿಯರೇ ಕಲಿಸಬಹುದು.
3. ಹೈಸ್ಕೂಲಿಗೆ ಒಬ್ಬೊಬ್ಬರೇ ಹೋಗದೆ ಗುಂಪಾಗಿ ಹೋಗೋಣ. ದೊಡ್ಡವರು ಮುಂದೆ ಒಬ್ಬರು, ಹಿಂದೆ ಒಬ್ಬರು.
4. ರಸ್ತೆಯ ಎಡಕ್ಕೆ ಸಾಲಾಗಿ ಹೋಗಬೇಕು. ಬ್ರೇಕು, ಗಂಟೆ ಸರಿ ಇರಬೇಕು. ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಬೇಕು. ಒಂದು ಸೈಕಲ್ ಮೇಲೆ ಮೂರು ಮಂದಿ ಕೂಡಬಾರದು.
5. ಶಾಲೆ ಹೊತ್ತಿಗೆ ಬಸ್ಸು ಬೇಕು, ರಸ್ತೆ ಅಂಚು ಸರಿ ಮಾಡಬೇಕು ಎಂದು ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು.

ಉಪಸಂಹಾರ

ಜೂನ್ 3 ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ ಇದನ್ನು 2018ರಲ್ಲಿ ಘೋಷಿಸಿತು. ನಾವು ಹೈಸ್ಕೂಲಿಗೆ ಸೇರುವ ಹೊತ್ತಿಗೇ ಆ ದಿನ ಬರುತ್ತದೆ. ಆ ದಿನ ನಮ್ಮೂರಿಂದ ಹತ್ತು ಸೈಕಲ್ ಕೂಡಿ ಹೊರಟರೆ, ಅದರಲ್ಲಿ ಐದು ಹುಡುಗಿಯರದು ಇದ್ದರೆ, ಕಟ್ಟೆಯ ಮೇಲೆ ಕುಂತವರು ಮೊದಲನೇ ದಿನ ನಗುತ್ತಾರೆ. ಎರಡನೇ ದಿನ ನೋಡುತ್ತಾರೆ. ತಿಂಗಳಾದ ಮೇಲೆ ‘ಇವತ್ತ್ಯಾಕ ತಡ ಆತು?’ ಎಂದು ಕೇಳುತ್ತಾರೆ. ಮನಸ್ಸು ಬದಲಾಗುವುದು ಹೀಗೆಯೇ ಎಂದು ನನಗೆ ಅನಿಸುತ್ತದೆ.

ದೊಡ್ಡವರಿಗೆ ಒಂದು ಮಾತು. ಮಗಳು ಸೈಕಲ್ ಮೇಲೆ ಹೋದರೆ ಮನೆಯ ಮರ್ಯಾದೆ ಕಡಿಮೆ ಆಗುವುದಿಲ್ಲ. ಗಾಡಿ ಇಲ್ಲ ಎಂದು ಮಗಳು ಶಾಲೆ ಬಿಟ್ಟರೆ ಕಡಿಮೆ ಆಗುವುದು ಏನೇನು ಎಂದು ದಯವಿಟ್ಟು ಲೆಕ್ಕ ಹಾಕಿರಿ.

ಪ್ರಶ್ನೆಗಳು

1. 12 ಗ್ರಾಂ ಇಂಗಾಲ ಪೂರ್ತಿ ಉರಿದರೆ ಎಷ್ಟು ಗ್ರಾಂ ಇಂಗಾಲದ ಡೈ ಆಕ್ಸೈಡ್ ಆಗುತ್ತದೆ?
2. ನಿಮ್ಮ ಮನೆಯ ಗಾಡಿಗೆ ತಿಂಗಳಿಗೆ ಎಷ್ಟು ಲೀಟರ್ ಪೆಟ್ರೋಲ್ ಬೇಕು? ಅದನ್ನು 2.3ರಿಂದ ಗುಣಿಸಿರಿ.
3. ಅದರಲ್ಲಿ ಯಾವ ಯಾವ ಓಡಾಟ ನಡೆದು ಅಥವಾ ಸೈಕಲ್ ಮೇಲೆ ಆಗಬಹುದಿತ್ತು?
4. ನಿಮ್ಮ ಮನೆಯಲ್ಲಿ ಯಾರು ಹೈಸ್ಕೂಲಿಗೆ ಹೋಗಲಿಲ್ಲ? ಯಾಕೆ ಎಂದು ಅವರನ್ನೇ ಕೇಳಿ ಬರೆಯಿರಿ.

ಉತ್ತರಗಳನ್ನು ಹಾಳೆಯ ಒಂದೇ ಬದಿಗೆ ಬರೆದು ಈ ಪತ್ರಿಕೆಯ ಕೆಳಗೆ ಖಾಲಿ ಬಿಟ್ಟ ಜಾಗದಲ್ಲಿ ಅಂಟಿಸಿರಿ. ನಾಲ್ಕನೇ ಪ್ರಶ್ನೆಗೆ ಹೆಸರು ಬರೆಯುವುದು ಬೇಡ.